ಮೊದಲು ಬಟ್ಟಲು

ನನಗೆ ಇನ್ಸುಲಿನ್ ಶುರುವಾದಾಗ ದಿನಾ ಬೆಳಿಗ್ಗೆ ಸೂಜಿ ಚುಚ್ಚಲು ಉಪ್ಪಳದಿಂದ ಒಬ್ಬರು ನರ್ಸಮ್ಮ ನಡೆದು ಬರುತ್ತಿದ್ದರು. ಕುದಿಸಿದ ಸೂಜಿಯ ಮೊನೆಯನ್ನು ಬೆಳಕಿಗೆ ಹಿಡಿದು ನೋಡಿ, "ಮೊದಲು ಬಟ್ಟಲು ತೋರಿಸಿ, ಮತ್ತೆ ತೋಳು" ಎನ್ನುತ್ತಿದ್ದರು. ಮದ್ದು ಒಳಗೆ ಹೋದ ಮೇಲೆ ತಿನ್ನದಿದ್ದರೆ ಜೀವಕ್ಕೇ ಅಪಾಯವೆಂದು ಅತ್ತೆಗೂ ಹೇಳಿದ್ದರು.

ಮಾವನ ತಿಥಿಯ ದಿನ ಅತ್ತೆ ಮಕ್ಕಳಿಗೆಂದು ಇಟ್ಟ ಅವಲಕ್ಕಿ ಬಟ್ಟಲನ್ನೇ ತಂದು ತೋರಿಸಿದರು. ಸೂಜಿ ಕೊಟ್ಟು ನರ್ಸಮ್ಮ ಅಂಗಳ ದಾಟಿದ್ದೇ ಅದನ್ನು ಎತ್ತಿಕೊಂಡು ಹೋದರು.

"ಬ್ರಾಹ್ಮಣರ ಊಟ ಆಗದೆ ಸೊಸೆ ತಿನ್ನುವುದು ಉಂಟಾ?"

ಎದುರುತ್ತರ ಕೊಡಬಾರದೆಂದು ಕಾನ್ವೆಂಟಿನಲ್ಲಿ ಕಲಿತವಳು ನಾನು. ಬಾಯಿ ಮುಚ್ಚಿ ತೆಂಗಿನಕಾಯಿ ಹೆರೆಯುತ್ತ ಕುಳಿತೆ. ಆ ಮೌನಕ್ಕೆ ಇವತ್ತಿಗೂ ನನ್ನ ಮೇಲೆ ನನಗೇ ಸಿಟ್ಟಿದೆ.

ಒಂದೆರಡು ಗಂಟೆಯ ಮೇಲೆ ನರ್ಸಮ್ಮ ಮರೆತ ಕೊಡೆಗಾಗಿ ತಿರುಗಿ ಬಂದರು. ನನ್ನ ರವಿಕೆ ಬೆವರಿನಲ್ಲಿ ನೆನೆದಿತ್ತು, ಕೈ ನಡುಗುತ್ತಿತ್ತು. ಅವರು ಚಪ್ಪಲಿಯಲ್ಲೇ ಅಡುಗೆಮನೆಗೆ ನುಗ್ಗಿ, ಪಾಯಸಕ್ಕಿಟ್ಟ ಬೆಲ್ಲವನ್ನು ನೀರಿನಲ್ಲಿ ಕದಡಿ ನನಗೆ ಕುಡಿಸಿದರು.

"ಅಯ್ಯೋ, ಅಡುಗೆಯೆಲ್ಲ ಮೈಲಿಗೆ ಆಯ್ತು!" ಅತ್ತೆ ಕೂಗಿದರು.

"ನಿಮ್ಮ ಸೊಸೆ ಸತ್ತಿದ್ದರೆ ಎಂತ ಆಗ್ತಿತ್ತು ಅಮ್ಮ? ಸೂತಕ ಬಂದು ತಿಥಿಯೇ ನಿಲ್ತಿತ್ತು!"

ಬೇಯಿಸಿದ್ದೆಲ್ಲವನ್ನೂ ಅತ್ತೆ ತೆಂಗಿನ ಬುಡಕ್ಕೆ ಚೆಲ್ಲಿದರು. ನನಗೆ ಹೇಗಿದೆ ಎಂದು ಮನೆಯವರು ಯಾರೂ ಕೇಳಲಿಲ್ಲ. ಸ್ನಾನ ಮಾಡಿ ಮತ್ತೆ ಒಲೆಯ ಮುಂದೆ ನಿಂತವಳೂ ನಾನೇ.

ಮರುದಿನ ಅತ್ತೆ ನರ್ಸಮ್ಮನನ್ನು ಜಗಲಿಯಲ್ಲೇ ತಡೆದರು. ನರ್ಸಮ್ಮ ಅಲ್ಲೇ ಸೂಜಿ ಕೊಟ್ಟು, ಅತ್ತೆಯ ಎದುರಿಗೇ ಕಾಲು ಚಾಚಿ ಕುಳಿತರು.

"ಇನ್ನು ನನಗೆ ಖಾಲಿ ಬಟ್ಟಲು ತೋರಿಸಿ. ಮತ್ತೆ ಹೋಗ್ತೇನೆ."