ಬೇಲಿಯ ಮೂಲೆಯ ಹನ್ನೆರಡು ಮೋಸಂಬಿ ಗಿಡಗಳು

ಅದು ೧೯೭೩ನೆಯ ಇಸವಿ. ನನಗೆ ಆಗ ಮೂವತ್ತೊಂದು ವರ್ಷ. ರಾಯಚೂರಿನ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ. ನನಗಿಂತ ಆರು ವರ್ಷಕ್ಕೆ ದೊಡ್ಡವಳಾದ ಅಕ್ಕ, ಗಂಡ ತೀರಿದಂದಿನಿಂದ ಎರಡು ವರ್ಷ ನನ್ನ ಮನೆಯಲ್ಲಿಯೇ ಇದ್ದಳು. ಅವಳಿಗೆ ನಾವು ಯಾವುದಕ್ಕೂ ಕಡಿಮೆ ಮಾಡಿಲ್ಲವೆಂದು ನಾನು ತಿಳಿದಿದ್ದೆ. ಆದರೆ ಊಟಕ್ಕೆ ಕುಳಿತಾಗ ಎರಡನೆಯ ರೊಟ್ಟಿಗೆ ಕೈಚಾಚುವ ಮುನ್ನ ಅವಳು ಒಮ್ಮೆ ನನ್ನ ಹೆಂಡತಿಯ ಮುಖ ನೋಡುತ್ತಿದ್ದಳು. ಅದನ್ನು ನಾನು ಕಂಡಿದ್ದೆ; ಕಂಡೆನೆಂದು ಯಾರಿಗೂ ಹೇಳಿರಲಿಲ್ಲ.

ಮಾನ್ವಿ ತಾಲ್ಲೂಕಿನ ಹಿರೇಕೊಟ್ನೆಕಲ್‌ನಲ್ಲಿ ಅವಳ ಗಂಡನ ಪಾಲಿಗೆ ಬಂದಿದ್ದ ಒಂದು ಸಣ್ಣ ಮನೆಯೂ ಎರಡು ಎಕರೆ ಎರೆಭೂಮಿಯೂ ಇದ್ದವು. ಹೊಲದ ಅಂಚಿಗೆ ಕಾಲುವೆಯ ನೀರು ಬಂದಿತ್ತು.

“ತಮ್ಮಾ, ಅಲ್ಲಿ ಮೋಸಂಬಿ ಹಚ್ಚಿಕೊಡು,” ಎಂದಳು ಅಕ್ಕ ಒಂದು ದಿನ. “ಗಿಡ ಕೈಗೆ ಬಂದ್ವಂದ್ರ ನನ್ನ ಹೊಟ್ಟಿಗೆ ಅಷ್ಟಽ ಸಾಕು. ನನ್ನ ಮನಿ ಕದಾ ನಾನಽ ತೆಗೀತೀನಿ, ನಾನಽ ಹಾಕ್ಕೋತೀನಿ.”

ಮೋಸಂಬಿಯನ್ನು ಬೀಜದಿಂದ ಬೆಳೆಸುವ ವಾಡಿಕೆ ನಮ್ಮ ಕಡೆ ಇಲ್ಲ. ಬೇರೆ ಜಾತಿಯ ನಿಂಬೆಯ ಸಸಿಯೊಂದರ ತೊಗಟೆಯನ್ನು ಸೀಳಿ, ಒಳ್ಳೆಯ ಮೋಸಂಬಿ ಮರದ ಮೊಗ್ಗನ್ನು ಅದರೊಳಗೆ ಕೂರಿಸಿ ಕಟ್ಟುತ್ತಾರೆ. ಆ ಮೊಗ್ಗಿಗೆ ಕಸಿಯವರು ಕಣ್ಣು ಎನ್ನುತ್ತಾರೆ. ಮೇಲೆ ಬೆಳೆಯುವುದು ಮೋಸಂಬಿ; ನೆಲದೊಳಗೆ ಉಳಿಯುವುದು ನಿಂಬೆ. ಈ ಕೆಲಸದಲ್ಲಿ ಹೆಸರಾಗಿದ್ದ ಮುದುಕನೊಬ್ಬ ದೇವದುರ್ಗದಲ್ಲಿದ್ದ. ಮನೆಯಲ್ಲಿ ದಖನಿ ಆಡುತ್ತಿದ್ದ ಅವನು ಹೊರಗೆ ನಮ್ಮ ಕನ್ನಡವನ್ನೇ ಆಡುತ್ತಿದ್ದ. ಜನ ಅವನನ್ನು ಕಸಿಯಜ್ಜ ಎನ್ನುತ್ತಿದ್ದರು.

ಆ ವರ್ಷದ ಮಳೆಗಾಲದ ಒಂದು ಭಾನುವಾರ ಅಕ್ಕನನ್ನು ಕರೆದುಕೊಂಡು ಅವನ ಸಸಿತೋಟಕ್ಕೆ ಹೋದೆ. ಜೊತೆಯಲ್ಲಿ ಶಾಲೆಯ ಮರದ ಅಳತೆಪಟ್ಟಿಯನ್ನೂ ಒಯ್ದಿದ್ದೆ. ಅಲ್ಲಿ ಎರಡು ಮಡಿಗಳಿದ್ದವು. ಒಂದರಲ್ಲಿ ಜಂಬೇರಿ ನಿಂಬೆಯ ಬೇರಿಗೆ ಕಟ್ಟಿದ ಸಸಿಗಳು. ಅವು ಸೊಂಟದೆತ್ತರ ಬೆಳೆದು, ಎಲೆಗಳೆಲ್ಲ ಎಣ್ಣೆ ಸವರಿದಂತೆ ಹೊಳೆಯುತ್ತಿದ್ದವು. ಇನ್ನೊಂದರಲ್ಲಿ ರಂಗಪುರ ನಿಂಬೆಯ ಬೇರಿನವು. ಅದೇ ವಯಸ್ಸಿನವಾದರೂ ಮೊಣಕಾಲು ದಾಟಿರಲಿಲ್ಲ. ಎರಡಕ್ಕೂ ಕಣ್ಣು ತೆಗೆದದ್ದು ಒಂದೇ ಮರದಿಂದ.

ಪ್ರಾರ್ಥನೆಯ ಸಾಲಿನಲ್ಲಿ ಮಕ್ಕಳನ್ನು ನಿಲ್ಲಿಸುವವನಂತೆ ನಾನು ಒಂದೊಂದು ಸಸಿಯ ಪಕ್ಕದಲ್ಲಿ ಪಟ್ಟಿ ಹಿಡಿಯುತ್ತ ನಡೆದೆ. ಎರಡೂವರೆ ಅಡಿಗೆ ಕಡಿಮೆಯಾದದ್ದನ್ನು ಒಯ್ಯುವುದಿಲ್ಲವೆಂಬ ನಿಯಮವನ್ನು ಮನೆಯಲ್ಲಿಯೇ ಮಾಡಿಕೊಂಡು ಬಂದಿದ್ದೆ.

“ಮಾಸ್ತರ, ಎತ್ತರ ನೋಡಿ ಆರಸಬ್ಯಾಡ್ರಿ,” ಎಂದ ಕಸಿಯಜ್ಜ. “ಅಕ್ಕಾರದು ಎರಿ ಹೊಲ. ಕಾಲುವಿ ನೀರು ಬ್ಯಾರೆ. ಅಲ್ಲಿ ಜಂಬೇರಿ ಬೇರು ಕೊಳೀತದ. ಈ ಗಿಡ್ಡನ್ನವು ತಗೋರಿ. ತಡಾ ಮಾಡ್ತಾವ, ಆದ್ರ ಬಾಳತಾವ.”

“ಕಣ್ಣು ಒಂದೇ ಮರದ್ದಾದ ಮೇಲೆ ಹಣ್ಣಿನಲ್ಲಿ ವ್ಯತ್ಯಾಸ ಹೇಗೆ ಬರುತ್ತದೆ?” ಎಂದು ಕೇಳಿದೆ.

“ಕಣ್ಣು ಒಂದಽ, ಖರೆ. ಕೆಳಗ ಉಣಸೂ ಬೇರು ಬ್ಯಾರೆ ಅಲ್ರೀ? ಜಂಬೇರಿ ಭರಾಭರಾ ನೀರು ಏರಸ್ತದ. ಹಣ್ಣು ದಪ್ಪ ಆಗ್ತದ, ಸಿಪ್ಪಿನೂ ದಪ್ಪ ಆಗ್ತದ. ಒಳಗ ಸಪ್ಪಗ.”

ನಾನು ಅಳೆಯುತ್ತಲೇ ಇದ್ದೆ. ಆಗ ಅವನು ನೀರು ಹಾಕುತ್ತಿದ್ದ ಹೆಂಗಸರ ಕಡೆ ತಿರುಗಿ, “ಮಾಸ್ತರ ಸಾಲ್ಯಾಗ ಉದ್ದ ಹುಡುಗರೆಲ್ಲ ಪಾಸಽ ಏನ್ರಬೇ?” ಎಂದ. ಅವರು ಸೆರಗು ಬಾಯಿಗಿಟ್ಟು ನಕ್ಕರು. ಅಕ್ಕನೂ ನಕ್ಕಳು. ಅವಳು ನಕ್ಕದ್ದನ್ನು ಕಂಡು ಎರಡು ವರ್ಷವಾಗಿತ್ತು, ನಾನು ಸಂತೋಷಪಡಬೇಕಾಗಿತ್ತು. ಆದರೆ ನನಗೆ ಮುಖ ಬಿಸಿಯಾಯಿತು. ಜಂಬೇರಿ ಬೇರಿನ ಇನ್ನೂರು ಸಸಿಗಳನ್ನೇ ಹೊರೆ ಕಟ್ಟಿಸಿದೆ.

“ನೀ ಓದಿದಾಂವ. ನಿನಗ ತಿಳದಂಗ ಮಾಡು,” ಎಂದಳು ಅಕ್ಕ.

ಗಾಡಿ ಹೊರಡುವಾಗ ಮುದುಕ ಗಿಡ್ಡ ಸಸಿಗಳ ಒಂದು ಹೊರೆಯನ್ನು ಅಕ್ಕನ ಕಾಲ ಬಳಿ ಇಟ್ಟ. ಹನ್ನೆರಡಿದ್ದವು. “ಇವು ನನ್ನ ಲೆಕ್ಕಕ್ಕರೀ ಯವ್ವಾ. ಎಲ್ಲಿರ ಮೂಲ್ಯಾಗ ಹಚ್ಚರಿ.”

ಮೂಲೆಯಲ್ಲಿಯೇ ಹಚ್ಚಿದೆವು. ಕಾಲುವೆಯ ನೀರು ಸೋರಿ ನಿಲ್ಲುತ್ತಿದ್ದ ಬೇಲಿಯ ಮೂಲೆ ಅದು. ಹೊಲದಲ್ಲಿ ಅದಕ್ಕಿಂತ ಕೆಟ್ಟ ಜಾಗವಿರಲಿಲ್ಲ. ಇನ್ನೂರು ಸಸಿಗಳನ್ನು ಮಾತ್ರ ನಾನು ಹಗ್ಗ ಹಿಡಿದು, ಹದಿನೆಂಟು ಅಡಿಗೊಂದರಂತೆ, ಯಾವ ಕಡೆಯಿಂದ ನೋಡಿದರೂ ಸಾಲು ತಪ್ಪದಂತೆ ನೆಡಿಸಿದೆ.

ಅಕ್ಕ ತನ್ನ ಮನೆಗೆ ಹೋದಳು. ಮೊದಲ ನಾಲ್ಕು ವರ್ಷ ನನ್ನ ಆಯ್ಕೆಯೇ ಸರಿಯೆಂಬಂತೆ ಗಿಡಗಳು ಬೆಳೆದವು. ಬಸ್ಸಿನಿಂದ ಇಳಿದವರು ನಿಂತು ನೋಡಿ ಹೋಗುತ್ತಿದ್ದರು. ೧೯೭೭ರಲ್ಲಿ ಮೊದಲ ಹಣ್ಣು ಬಂದಾಗ ಅಕ್ಕ ಮತ್ತು ನಾನು ಎರಡು ಬುಟ್ಟಿ ತುಂಬಿಕೊಂಡು ರಾಯಚೂರಿನ ಮಾರುಕಟ್ಟೆಗೆ ಹೋದೆವು. ಹಣ್ಣುಗಳು ಒಂದು ಅಂಗೈಗೆ ಹಿಡಿಯುತ್ತಿರಲಿಲ್ಲ. ವ್ಯಾಪಾರಿ ಒಂದನ್ನು ಹೆಬ್ಬೆರಳಿನಿಂದ ಒತ್ತಿ, ಕೊಯ್ದು, ತಿರುಗಿಸಿ ತೋರಿಸಿದ. ಬೆರಳಿನಷ್ಟು ದಪ್ಪದ ಬಿಳಿಯ ಸಿಪ್ಪೆಯೊಳಗೆ ತೊಳೆಗಳು ಮುದುಡಿಕೊಂಡಿದ್ದವು.

“ನೋಡಾಕ ನವಾಬ, ಒಳಗ ಫಕೀರ,” ಎಂದ ಅವನು. “ಮುಂದಿನ ಸಲ ರಸ ಇದ್ದದ್ದು ತರ್ರಿ ಅಕ್ಕಾ.”

ಬೆಳೆಯುವ ಗಿಡ, ಮುಂದೆ ಸರಿಹೋಗುತ್ತದೆ ಎಂದು ಅಕ್ಕನಿಗೆ ಹೇಳಿದೆ. ಸರಿಹೋಗಲಿಲ್ಲ. ೧೯೭೯ರ ಮಳೆಗಾಲ ಕಳೆದ ಮೇಲೆ ಗಿಡಗಳ ಬುಡದಲ್ಲಿ ಅಂಟು ಸೋರತೊಡಗಿತು. ಕಂದುಬಣ್ಣದ ಹನಿಗಳು ತೊಗಟೆಯ ಮೇಲೆ ಗಟ್ಟಿಯಾಗುತ್ತಿದ್ದವು. ಅವನ್ನು ಕೆರೆದರೆ ಒಳಗಿನ ತೊಗಟೆ ಕೊಳೆತು ಬರುತ್ತಿತ್ತು. ಎಲೆಗಳು ಹಳದಿಯಾಗಿ, ತುದಿಯಿಂದ ಕೊಂಬೆಗಳು ಒಣಗಿದವು.

ಆಗ ನಾನು ಅಕ್ಕನಿಗೆ ಒಂದು ಪತ್ರ ಬರೆದೆ. ಇಂದಿಗೂ ಅದರ ಒಂದೊಂದು ವಾಕ್ಯವೂ ನನಗೆ ಬಾಯಿಪಾಠವಿದೆ. ‘ಮುದುಕನು ರೋಗದ ಮರದಿಂದ ಕಣ್ಣು ತೆಗೆದು ನಮಗೆ ಮೋಸಮಾಡಿದ್ದಾನೆ, ಇನ್ನು ಅವನನ್ನು ಹೊಲಕ್ಕೆ ಸೇರಿಸಬೇಡ.’ ಬರೆಯುವಾಗ ಮೂಲೆಯಲ್ಲಿ ಅಂಟು ಸೋರದೆ ನಿಂತಿದ್ದ ಹನ್ನೆರಡು ಗಿಡಗಳ ನೆನಪು ನನಗಿರಲಿಲ್ಲವೆಂದು ಹೇಳಿದರೆ ಅದು ಎರಡನೆಯ ಸುಳ್ಳಾಗುತ್ತದೆ.

ಪತ್ರ ತಲುಪಿದ ವಾರದಲ್ಲಿಯೇ, ಯಾರಿಂದಲೋ ಸುದ್ದಿ ಕೇಳಿ, ಕಸಿಯಜ್ಜ ಕವಿತಾಳದಲ್ಲಿ ಬಸ್ಸು ಬದಲಿಸಿ ಹಿರೇಕೊಟ್ನೆಕಲ್‌ಗೆ ಬಂದ. ಬುಡಕ್ಕೆ ಬಳಿಯಲು ಸುಣ್ಣವನ್ನೂ ಮೈಲುತುತ್ತವನ್ನೂ ಚೀಲದಲ್ಲಿ ತಂದಿದ್ದನಂತೆ. ಅಕ್ಕ ಅವನನ್ನು ಬೇಲಿಯ ಹೊರಗೇ ನಿಲ್ಲಿಸಿ, ನನ್ನ ಪತ್ರ ಓದಿ ಹೇಳಿದಳು.

“ಯವ್ವಾ, ಆ ಹನ್ನೆರಡೂ ಅದಽ ಕಣ್ಣಿನವು,” ಎಂದನಂತೆ ಮುದುಕ. “ಅವನ್ನ ಒಮ್ಮಿ ನೋಡ್ರಿ.” ಚೀಲವನ್ನು ಬೇಲಿಗೆ ನೇತುಹಾಕಿ ಹೋದವನು ಮತ್ತೆ ಬರಲಿಲ್ಲ.

ಅಕ್ಕ ನೋಡಿದಳು. ಆ ವರ್ಷದಿಂದ ಪ್ರತಿ ಚಳಿಗಾಲಕ್ಕೂ ಹನ್ನೆರಡು ಗಿಡಗಳ ಹಣ್ಣು ಒಂದು ಬುಟ್ಟಿ ನನ್ನ ಮನೆಗೆ ಬರತೊಡಗಿತು. ನಾನು ಅದನ್ನು ಬಿಚ್ಚದೆ ಶಾಲೆಯ ಸಹೋದ್ಯೋಗಿಗಳಿಗೆ ಹಂಚಿಬಿಡುತ್ತಿದ್ದೆ. ಬಹಳ ಸಿಹಿ ಎಂದು ಅವರು ಹೇಳುತ್ತಿದ್ದರು. ಹೊಲಕ್ಕೆ ಹೋದಾಗಲೂ ಆ ಮೂಲೆಯ ಕಡೆ ಹೋಗುತ್ತಿರಲಿಲ್ಲ. ಅತ್ತ ಇನ್ನೂರರ ಸಾಲುಗಳಲ್ಲಿ ವರ್ಷವರ್ಷವೂ ಕೊಡಲಿ ಬೀಳುತ್ತಿತ್ತು. ೧೯೮೪ರ ಬೇಸಿಗೆಗೆ ಕೊನೆಯದನ್ನೂ ಕಡಿದರು. ಅಕ್ಕ ಹೊಲವನ್ನು ಪಾಲಿಗೆ ಕೊಟ್ಟಳು. ಬರುವ ಪಾಲು ಒಂದು ಹೊಟ್ಟೆಗೂ ಸಾಲುವಂತಿರಲಿಲ್ಲ. “ಬಾ ಅಂದ್ರ ಬರ್ತೀನಿ,” ಎಂದು ನನಗೆ ಹೇಳಿಕಳಿಸಿದಳು. ಇಷ್ಟು ವರ್ಷ ಅವಳು ಆಡದೆ ಉಳಿಸಿಕೊಂಡಿದ್ದ ಮಾತು ಅದೊಂದೇ ಆಗಿತ್ತು.

ಅವಳನ್ನು ಕರೆತರುವ ಮೊದಲು ನಾನು ದೇವದುರ್ಗಕ್ಕೆ ಹೋದೆ. ಸಸಿತೋಟದ ಜಾಗದಲ್ಲಿ ಹತ್ತಿ ಬಿತ್ತಿದ್ದರು. ಮನೆಯ ಬಾಗಿಲಲ್ಲಿ ಮುದುಕನ ಸೊಸೆ ನಿಂತಿದ್ದಳು.

“ಮಾವ ಹೋಗಿ ಎಂಟು ತಿಂಗಳಾತ್ರಿ,” ಎಂದಳು. “ನೀವು ಯಾರಂತ ಹೇಳ್ಲಿ?”

ಇನ್ನು ಯಾರಿಗೆ ಹೇಳುವುದು ಎಂದು ಅವಳಿಗೂ ಆಮೇಲೆ ಅನ್ನಿಸಿರಬೇಕು. ತಲೆ ತಗ್ಗಿಸಿದಳು. ನಾನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಹೋಗಿದ್ದ ವಾಕ್ಯವನ್ನು ಹಾಗೆಯೇ ಹಿಂದಕ್ಕೆ ತಂದೆ.

ಮುಂದಿನ ಭಾನುವಾರ ಅದನ್ನು ಅಕ್ಕನಿಗೆ ಹೇಳಿದೆ. ಅವಳ ಟ್ರಂಕು ಕಟ್ಟೆಯ ಮೇಲಿತ್ತು. ಹೊಲಕ್ಕೆ ಹೋಗಿಬರೋಣವೆಂದು ಕರೆದುಕೊಂಡು ಹೋಗಿ, ಬೇಲಿಯ ಮೂಲೆಯಲ್ಲಿ ನಿಂತು, ಕಣ್ಣಿನಲ್ಲಿ ದೋಷವಿರಲಿಲ್ಲ, ಬೇರು ಆರಿಸಿದವನು ನಾನು, ತಿಳಿದೂ ಆ ಪತ್ರ ಬರೆದೆ ಎಂದೆ. ಹನ್ನೆರಡು ಗಿಡಗಳೂ ನಮ್ಮ ತಲೆಗಿಂತ ಸ್ವಲ್ಪವೇ ಎತ್ತರವಾಗಿ, ನಿಂತ ನೀರಿನಲ್ಲಿಯೇ, ಹಣ್ಣು ಹೊತ್ತು ನಿಂತಿದ್ದವು.

ಅಕ್ಕ ಒಂದು ಹಣ್ಣು ಕಿತ್ತು ಸುಲಿದಳು. ಸಿಪ್ಪೆ ತೆಳ್ಳಗೆ ಬಂತು; ರಸ ಅವಳ ಮಣಿಕಟ್ಟಿಗೆ ಇಳಿಯಿತು.

“ತಿನ್ನು,” ಎಂದಳು. “ಐದು ವರ್ಷ ಕಳಿಸೀನಿ. ನೀ ಒಂದೂ ತಿಂದಿಲ್ಲ. ನಿನ್ನ ಹೇಣ್ತಿ ಹೇಳ್ಯಾಳ.”

ತಿಂದೆ. ಸಹೋದ್ಯೋಗಿಗಳು ಹೇಳುತ್ತಿದ್ದದ್ದು ನಿಜವಾಗಿತ್ತು.

“ಗಿಡಾ ಹೋದದ್ದಕ್ಕ ನಾ ಏನೂ ಅನ್ನಂಗಿಲ್ಲ,” ಎಂದಳು ಅವಳು. “ಆದ್ರ ಆ ಮುದುಕನ್ನ ಬಿಸಿಲಾಗ ನಿಲ್ಲಿಸಿ ನಿನ್ನ ಪತ್ರ ಓದಿದಾಕಿ ನಾನು. ನೀರು ಸೈತ ಕೇಳಲಿಲ್ಲ. ಅದನ್ನ ಯಾರಿಗೆ ಹೇಳ್ಲಿ?”

ಮನೆಗೆ ಬಂದು ನಾನು ಟ್ರಂಕನ್ನು ಎತ್ತಿಕೊಂಡೆ. ಕದದ ಬೀಗಕ್ಕೆ ಕೈಹಾಕಿದಾಗ ಅವಳು ನನ್ನ ಕೈಯನ್ನು ಸರಿಸಿದಳು.

“ಬಿಡು. ನಾನಽ ಹಾಕ್ತೀನಿ.”

ಅಕ್ಕ ತನ್ನ ಮನೆಯ ಕದವನ್ನು ತಾನೇ ಹಾಕಿಕೊಂಡು ನನ್ನ ಜೊತೆ ಬಸ್ಸು ಹತ್ತಿದ ಆ ಭಾನುವಾರ, ೧೯೮೪ನೆಯ ಇಸವಿಯ ನವೆಂಬರ್ ಹದಿನೆಂಟು.