ಛೀಯಕ್ಕನ ಜರಿಗಿಡ

ಮೂಗು ಸಿಂಡರಿಸದೆ ಆಕೆ ಒಂದು ಮಾತಾಡಿದ್ದನ್ನು ಬೀದಿಯವರು ಕಂಡಿಲ್ಲ. ಹಾಲು ಹಾಕುವವನ ಬೆರಳು, ಪಕ್ಕದ ಮನೆಯವಳ ಒದ್ದೆ ಟವೆಲ್ಲು, ಬಸ್ಸಿನ ಕಂಬಿ, ಎಲ್ಲಕ್ಕೂ ಒಂದೇ ‘ಛೀ’. ಹಾಗಾಗಿ ಹೆತ್ತವರಿಟ್ಟ ಹೆಸರು ಮೂಲೆಗೆ ಬಿದ್ದು, ಎಲ್ಲರ ಬಾಯಲ್ಲೂ ಆಕೆ ಛೀಯಕ್ಕ ಆದಳು. ಎದುರಿಗೆ ಮಾತ್ರ ಯಾರೂ ಹಾಗೆ ಕರೆಯುತ್ತಿರಲಿಲ್ಲ. ಕರೆದಿದ್ದರೆ ಗ್ರಹಚಾರ ಬಿಡಿಸಿಬಿಡುತ್ತಿದ್ದಳು.

ಇಂಥವಳ ಕಸುಬು ನೋಡಿ: ಜರಿಗಿಡ ಬೆಳೆಸುವುದು. ನೆರಳು, ತೇವ, ಪಾಚಿಯ ನಂಟಿಲ್ಲದೆ ಬಾಳದ ಗಿಡ ಅದು. ಕರಿ ಕೂದಲಿನಂಥ ಕಡ್ಡಿ, ಅದಕ್ಕೆ ಬೀಸಣಿಗೆಯ ಆಕಾರದ ಪುಟ್ಟ ಎಲೆಗಳು. ನೀರು ಬಿದ್ದರೆ ಎಲೆಗೆ ಅಂಟದೆ ಜಾರಿಹೋಗುತ್ತದೆ. ಆ ಒಂದು ಗುಣಕ್ಕೇ ಛೀಯಕ್ಕ ಮನಸೋತಿದ್ದು. ಲೋಕದಲ್ಲಿ ಏನನ್ನೂ ಮೈಗೆ ಹಚ್ಚಿಕೊಳ್ಳದ ಜೀವ ಅದೊಂದೇ ಎಂದು ಆಕೆಯ ತೀರ್ಮಾನ.

ಮನೆಯ ಹಿಂದಿನ ಶೆಡ್ಡಿನಲ್ಲಿದ್ದ ಬಹುಪಾಲು ಗಿಡಗಳು ಸಾಧಾರಣ ಹಸಿರಿನವು. ಅವು ಕಚೇರಿಗಳಿಗೆ ಬಾಡಿಗೆಗೆ ಹೋಗುತ್ತಿದ್ದವು. ಗಂಡ ವ್ಯಾನಿನಲ್ಲಿ ಹೋಗಿ ಅಲ್ಲಿ ಹೊಸದನ್ನು ಇಟ್ಟು, ಸೊರಗಿದ್ದನ್ನು ವಾಪಸು ತರುತ್ತಿದ್ದ. ಆದರೆ ಒಳಮೂಲೆಯಲ್ಲಿ ಒಂದು ದೊಡ್ಡ ಕುಂಡವಿತ್ತು. ಅದರಲ್ಲಿದ್ದ ಗಿಡ ಆಕೆ ಮದುವೆಯಾಗಿ ಬರುವಾಗ ತಾಯಿ ತನ್ನ ಮನೆಯ ಬಾವಿಗೋಡೆಯಿಂದ ಬಿಡಿಸಿ ಕೊಟ್ಟದ್ದು. ಅದರ ತಳಿರು ತಿಳಿಗೆಂಪಾಗಿ ಬಂದು ಆಮೇಲೆ ಹಸಿರಾಗುತ್ತಿತ್ತು. ತಾಯಿ ಹೋದಳು, ಬಾವಿಯನ್ನೂ ಮುಚ್ಚಿ ಅದರ ಮೇಲೆ ಯಾರೋ ಗ್ಯಾರೇಜು ಕಟ್ಟಿದರು. ತವರು ಅಂತ ಉಳಿದದ್ದು ಆ ಕುಂಡ ಮಾತ್ರ. ಎಲೆಯಂಚಿನ ಮಡಿಕೆಯಲ್ಲಿ, ಜರಿಗೆ ಬೀಜದಂತಿರುವ ಕಂದು ಪುಡಿ ಕಟ್ಟಿದಾಗ ಅದನ್ನು ಕಾಗದಕ್ಕೆ ಉದುರಿಸಿ, ಕುದಿನೀರು ಹೊಯ್ದು ಆರಿಸಿದ ಇಟ್ಟಿಗೆಯ ಮೇಲೆ ಚಿಮುಕಿಸಿ, ಗಾಜು ಮುಚ್ಚಿ ಮರಿ ಮಾಡುತ್ತಿದ್ದಳು. ಆ ಮರಿಗಳಲ್ಲಿ ಒಂದನ್ನೂ ಹೊರಗೆ ಕೊಟ್ಟವಳಲ್ಲ. ಪಕ್ಕದ ಮನೆಯವಳು ಕೆಮ್ಮಿನ ಕಷಾಯಕ್ಕೆ ನಾಲ್ಕು ಎಲೆ ಕೇಳಿದರೆ ಹಸಿರಿನದನ್ನೇ ಕಿತ್ತು, ಕೈ ತಾಗದಂತೆ ಮೇಲಿಂದ ಬಿಡುತ್ತಿದ್ದಳು.

ಕಚೇರಿಯಿಂದ ವಾಪಸು ಬಂದ ಕುಂಡಗಳನ್ನು ನೋಡಿದರೆ ಯಾರಿಗಾದರೂ ಅನ್ನ ಸೇರದು. ಟೀ ಚರಟ, ಸಿಗರೇಟಿನ ತುಂಡು, ಅಗಿದು ಅಂಟಿಸಿದ ಚೂಯಿಂಗ್ ಗಮ್, ಕತ್ತರಿಸಿದ ಉಗುರು. ಇಸ್ತ್ರಿ ಅಂಗಿ, ಹೊಳೆಯುವ ಬೂಟು, ಬುದ್ಧಿ ಮಾತ್ರ ಕೊಚ್ಚೆ. ಒಂದು ಸಲವಂತೂ ಯಾವನೋ ಪುಣ್ಯಾತ್ಮ ಕುಂಡದೊಳಗೆ ಗಟ್ಟಿಯಾಗಿ ಕ್ಯಾಕರಿಸಿ ಉಗಿದಿದ್ದ. ಎಲೆಯ ಮೇಲೆ ಹಳದಿಯಾಗಿ ಜೋತಾಡುತ್ತಿತ್ತು.

ಛೀಯಕ್ಕನಿಗೆ ತಲೆ ಕೆಟ್ಟುಹೋಯಿತು. ಫಿನಾಯಿಲ್ ಡಬ್ಬಿಯನ್ನೇ ಬಕೆಟ್ಟಿಗೆ ಬಗ್ಗಿಸಿ ಇಡೀ ಶೆಡ್ಡು ತೊಳೆದಳು. ನೆಲ, ಗೋಡೆ, ಗಾಜು, ಇಟ್ಟಿಗೆ, ಮರಿಗಳು. ಸಾಲದ್ದಕ್ಕೆ ತಾಯಿಗಿಡದ ಒಂದೊಂದು ಕಡ್ಡಿಯನ್ನೂ ಅದೇ ನೀರಿನ ಬಟ್ಟೆಯಿಂದ ಒರೆಸಿದಳು. ಜರಿಗೆ ಔಷಧಿಯ ಘಾಟು ಆಗದೆಂದು ಆಕೆಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಹೇಸಿಗೆ ನೆತ್ತಿಗೇರಿದವಳಿಗೆ ಗೊತ್ತಿದ್ದದ್ದೂ ಉಪಯೋಗಕ್ಕೆ ಬರಲಿಲ್ಲ, ಅಷ್ಟೆ.

ಎಲೆಗಳು ಸುರುಟಿದವು. ಮತ್ತೆ ಚಿಗುರಲೆಂದು ಬುಡಮಟ್ಟ ಕತ್ತರಿಸಿ ಕಾದಳು. ಕಾದು ಕಾದು ಕೆದಕಿದರೆ ಬೇರಿನ ಗೆಡ್ಡೆ ಕಪ್ಪಾಗಿ, ಬೆರಳಿಗೆ ಲೋಳೆಯಾಗಿ ಹತ್ತಿತು. ಇಟ್ಟಿಗೆಯ ಮೇಲಿನ ಮರಿಗಳೂ ಕರಟಿದ್ದವು. ಅಂದು ಆಕೆ ಛೀ ಎನ್ನಲಿಲ್ಲ. ಶೆಡ್ಡಿನ ಹೊಸ್ತಿಲಲ್ಲಿ ಕುಕ್ಕರಿಸಿ, ತಾಯಿ ಸತ್ತಾಗ ಅತ್ತದ್ದಕ್ಕಿಂತ ಹೆಚ್ಚು ಅತ್ತಳು.

ಗಂಡ ಅವಳ ಸುತ್ತ ಸುಳಿದಾಡಿದ. ಕೊನೆಗೆ ಧೈರ್ಯ ಮಾಡಿದ.

“ಬೈಯಲ್ಲ ಅಂದ್ರೆ ಒಂದು ಮಾತು ಹೇಳ್ತೀನಿ. ಮಾರ್ಕೆಟ್ ಹಿಂದೆ ಗಂಡಸರು ಉಚ್ಚೆಗೆ ಹೋಗೋ ಕಟ್ಟಡ ಇದ್ಯಲ್ಲ, ಅದರ ಗೋಡೇಲಿ ಪೈಪ್ ಸೋರೋ ಕಡೆ ಒಂದು ಗಿಡ ಎದ್ದಿದೆ. ಚಿಗುರು ಕೆಂಪಗಿದೆ. ನನ್ನ ಅಂಗಿಗೆ ಹತ್ತಿದ ಪುಡಿನೇ ಅಲ್ಲಿ ಬಿದ್ದಿರ್ಬೇಕು.”

ಎಷ್ಟು ದಿನದಿಂದ ಗೊತ್ತು ಎಂದು ಕೇಳಿದಳು. ದಿನಾ ಅಲ್ಲಿ ನಿಂತಾಗ ಅದನ್ನೇ ನೋಡುತ್ತಿದ್ದನಂತೆ. ತಾನೇ ಕಿತ್ತು ತರುತ್ತೇನೆ ಎಂದ. ಆ ಒರಟು ಕೈಗೆ ಬಿಟ್ಟರೆ ಬೇರು ಗೋಡೆಯಲ್ಲೂ ಎಲೆ ಇವನ ಕೈಯಲ್ಲೂ ಉಳಿಯುತ್ತದೆಂದು ಆಕೆಗೆ ಗೊತ್ತಿತ್ತು.

ಬೆಳಕು ಹರಿಯುವ ಹೊತ್ತಿಗೆ ಮೂಗಿಗೆ ಬಟ್ಟೆ ಕಟ್ಟಿ, ಕೈಗೆ ರಬ್ಬರ್ ಗ್ಲೌಸು ತೊಟ್ಟು ಹೊರಟಳು. ಗಂಡ ಆ ಕಟ್ಟಡದ ಬಾಗಿಲಿಗೆ ಅಡ್ಡ ನಿಂತು, ಅವಸರದಲ್ಲಿ ಬಂದವರನ್ನು ಬೇಡಿ ತಡೆದ. ಛೀಯಕ್ಕ ಒಳಗೆ ಕಾಲಿಟ್ಟಳು. ನೆಲವೆಲ್ಲ ಜಿಗುಟು. ಗೋಡೆಯ ಮೇಲೆ ಹಳದಿ ಗೆರೆಗಳು, ಉಗುಳು, ಬರೆಯಬಾರದ್ದನ್ನು ಬರೆದ ಇದ್ದಿಲು. ಅದರ ನಡುವೆ ಪೈಪಿನ ಬಿರುಕಿನ ಕೆಳಗೆ, ಹಳೆಯ ಗಾರೆ ಕಚ್ಚಿಕೊಂಡು, ಕೆಂಪು ತಳಿರು ತೊಟ್ಟಿಕ್ಕುವ ನೀರಿಗೆ ತಲೆ ಆಡಿಸುತ್ತಿತ್ತು. ಅಮ್ಮನ ಬಾವಿಯದೇ. ಸಂಶಯವೇ ಇರಲಿಲ್ಲ.

ಗ್ಲೌಸಿನ ಬೆರಳಿಗೆ ಬೇರು ಸಿಗಲಿಲ್ಲ. ಒಂದು ಎಳೆ ಪಟ್ಟೆಂದು ಹರಿಯಿತು. ಛೀಯಕ್ಕ ಗೋಡೆಯನ್ನೂ ಕೈಯನ್ನೂ ನೋಡಿದಳು. ಮೂಲೆಗೆ ಹೋಗಿ ವಾಂತಿ ಮಾಡಿಕೊಂಡಳು. ಆಮೇಲೆ ಬಂದು ಗ್ಲೌಸು ಕಿತ್ತೆಸೆದು, ಬರಿ ಉಗುರಿನಿಂದ ಆ ನಾರುವ ಗಾರೆಯನ್ನು ಕೆರೆಯತೊಡಗಿದಳು.

ಗಿಡ ಗಾರೆಯ ಮುದ್ದೆ ಸಮೇತ ಬಂತು. ಮನೆಗೆ ಬಂದ ಮೇಲೆ ಗಂಡ ನಲ್ಲಿ ತಿರುಗಿಸಿ, ಇಲ್ಲಿ ಕೊಡು, ಗಲೀಜು ತೊಳೆದು ಕುಂಡಕ್ಕೆ ಹಾಕೋಣ ಎಂದು ಕೈ ಚಾಚಿದ.

“ಬೇಡ, ಮುಟ್ಟಬೇಡಿ. ಅಮ್ಮ ಕೊಟ್ಟಿದ್ದನ್ನ ತೊಳ್ದೂ ತೊಳ್ದೂ ಕೊಂದವಳು ನಾನೇ. ಇದು ಹೀಗೇ ಇರ್ಲಿ,” ಎಂದಳು ಛೀಯಕ್ಕ.