ಕೊಳಗದ ನೀರು ಕುಡಿದ ಹವಳ

ಇವತ್ತು ಬೆಳಿಗ್ಗೆ ಹಿತ್ತಲಿನಿಂದ ಹುಣಸೆಹಣ್ಣು ಹಚ್ಚಿ ಉಜ್ಜಿದ ತಾಮ್ರದ ವಾಸನೆ ಬಂತು. ನಿಮಗೂ ಗೊತ್ತಿರುತ್ತದೆ ಆ ವಾಸನೆ, ಹಬ್ಬದ ಹಿಂದಿನ ದಿನ ಮನೆಯೆಲ್ಲ ಹರಡುವಂಥದು. ನನಗೆ ಮಾತ್ರ ಅದರಿಂದ ನೆನಪಾಗುವುದು ಹಬ್ಬವಲ್ಲ, ನಾನು ಕೈಯಾರೆ ಮಾಡಿದ ಒಂದು ಅನಾಹುತ.

ನಮ್ಮ ಕಮಲತ್ತೆ, ಅಂದರೆ ಅಪ್ಪನ ತಂಗಿ, ಚಾಮರಾಜಪೇಟೆಯ ಶಾಲೆಯೊಂದರಲ್ಲಿ ಟೀಚರಾಗಿದ್ದವರು. ಅರಬ್ಬೀ ಸಮುದ್ರ ಎಲ್ಲಿದೆಯೆಂದು ನಕ್ಷೆಯ ಮೇಲೆ ಕೋಲಿಟ್ಟು ಎಷ್ಟೋ ಮಕ್ಕಳಿಗೆ ತೋರಿಸಿದರೂ ತಾವು ಒಮ್ಮೆಯೂ ಸಮುದ್ರ ನೋಡಿದವರಲ್ಲ. "ಮುಂದಿನ ರಜಕ್ಕೆ ಖಂಡಿತ ಕರ್ಕೊಂಡ್ಹೋಗ್ತೀನಿ ಅತ್ತೆ" ಎಂದು ನಾನು ವರ್ಷವರ್ಷವೂ ಹೇಳುತ್ತ ಬಂದೆ. ಅಷ್ಟರಲ್ಲಿ ಅವರಿಗೆ ಮಂಡಿನೋವು ಶುರುವಾಯಿತು. ಹೋದ ವರ್ಷ, ನಾಚಿಕೆಯೋ ಹುಮ್ಮಸ್ಸೋ, ಬಸವನಗುಡಿಯ ನಮ್ಮ ಮನೆಯ ಹಜಾರಕ್ಕೇ ಸಮುದ್ರ ತಂದುಬಿಡೋಣವೆಂದು ಹೊರಟೆ. ಉಪ್ಪುನೀರಿನ ಗಾಜಿನ ತೊಟ್ಟಿ, ನೀಲಿ ದೀಪ, ಎರಡು ಮೀನು, ಜೊತೆಗೆ ಮಲ್ಲೇಶ್ವರದ ಗೆಳೆಯ ರಘು ತನ್ನ ತೊಟ್ಟಿಯಲ್ಲೇ ಬೆಳೆಸಿ, ಕತ್ತರಿಸಿ ಕೊಟ್ಟ ಒಂದು ಮೆತ್ತನೆಯ ಹವಳ.

"ಹವಳ ಅಂದ್ರೆ ಕೆಂಪಗಿರ್ಬೇಕಲ್ವೇನೋ?" ಎಂದು ಅತ್ತೆ ತಮ್ಮ ಹವಳದ ಉಂಗುರವನ್ನು ಪಕ್ಕದಲ್ಲಿ ಹಿಡಿದರು. ಇದು ತಿಳಿಗಂದು ಬಣ್ಣದ್ದು. ಕಾಂಡಗಳ ತುದಿಯಲ್ಲಿ ಪುಟ್ಟ ಕೈಗಳಂಥವು ಇಡೀ ದಿನ ಬೆರಳು ಮಡಚುತ್ತ, ಬಿಚ್ಚುತ್ತ ಇರುತ್ತವೆ.

"ನೋಡೋ, ಬಾ ಬಾ ಅಂತಿದೆ!"

ಅತ್ತೆಯೂ ಬೆರಳು ಮಡಚಿ ಬಿಚ್ಚಿ ಉತ್ತರ ಕೊಟ್ಟರು. ಅಂದಿನಿಂದ ಅವರ ಸಂಜೆಯ ಕಾಫಿ ತೊಟ್ಟಿಯ ಮುಂದೆಯೇ. ನಾನು ಮರೆಯಲ್ಲಿ ನಿಂತು ನಗುತ್ತಿದ್ದೆ.

ಎರಡು ತಿಂಗಳಿಗೆ ಹವಳ ಕೈ ಆಡಿಸುವುದನ್ನು ನಿಲ್ಲಿಸಿ ಮುದುಡಿಕೊಂಡಿತು. ಒಂದು ಕಾಂಡ ಕರಗಿಯೇ ಹೋಯಿತು. "ಕರೆಯೋದೇ ಬಿಟ್ಬಿಡ್ತಲ್ಲೋ" ಎಂದು ಅತ್ತೆ ಕಾಫಿ ಆರಿದರೂ ಕುಡಿಯದೆ ಕೂತರು. ನಾನು ನೀರು ಪರೀಕ್ಷಿಸುವ ಸೀಸೆಗಳ ಪೆಟ್ಟಿಗೆ ತಂದೆ. ಉಪ್ಪು ಸರಿ, ಅಮೋನಿಯಾ ಇಲ್ಲ, ನೈಟ್ರೇಟೂ ಸರಿ. ದೀಪ ತಗ್ಗಿಸಿದೆ, ಮರುದಿನ ಏರಿಸಿದೆ. ಪಂಪನ್ನು ನಾಲ್ಕು ದಿಕ್ಕಿಗೂ ತಿರುಗಿಸಿದೆ. ಊದುಬತ್ತಿಯ ಹೊಗೆಯ ಮೇಲೆ ಅನುಮಾನಪಟ್ಟು ದೇವರನ್ನು ಒಂದು ವಾರ ಬರೀ ದೀಪದಲ್ಲೇ ಸುಧಾರಿಸಿದೆ. ಒಂದೇ ಸಲ ಇಷ್ಟೆಲ್ಲ ಬದಲಿಸಿದರೆ ಯಾವುದರಿಂದ ಏನಾಯಿತೆಂದು ಆ ದೇವರಿಗೂ ತಿಳಿಯುವುದಿಲ್ಲ ಬಿಡಿ. ಮೀನುಗಳು ಮಾತ್ರ ಮದುವೆಮನೆಗೆ ಬಂದ ಬೀಗರ ಹಾಗೆ ಆರಾಮಾಗಿದ್ದವು.

ಕೊನೆಗೆ ರಘುವನ್ನೇ ಕರೆಸಿದೆ. ಅವನು ತೊಟ್ಟಿಯನ್ನು ಸುತ್ತಲಿಂದಲೂ ನೋಡಿ, ಕುಡಿಯಲು ನೀರು ಕೇಳಿದ. ಅತ್ತೆ ಫಿಲ್ಟರ್ ನೀರು ತುಂಬಿಟ್ಟಿದ್ದ ತಾಮ್ರದ ಕೊಳಗದಿಂದ ಬಗ್ಗಿಸಿ ಕೊಟ್ಟರು. ಅದು ಅವರ ತಾಯಿಯ ಕೊಳಗ, ದಿನವೂ ಹುಣಸೆಹಣ್ಣಿನಲ್ಲಿ ಬೆಳಗುತ್ತಿದ್ದರು. ರಘು ಲೋಟವನ್ನು ಬಾಯಿಗಿಡದೆ ಕೊಳಗವನ್ನೇ ನೋಡಿದ.

"ಗುರು, ಆವಿಯಾದಷ್ಟು ನೀರು ದಿನಾ ತೊಟ್ಟಿಗೆ ಸೇರಿಸ್ತೀಯಲ್ಲ, ಅದು ಎಲ್ಲಿಂದ?"

"ಇದರಿಂದಾನೇ. ತಾಮ್ರದ ನೀರು ಆರೋಗ್ಯಕ್ಕೆ ಒಳ್ಳೇದು" ಎಂದೆ ಹೆಮ್ಮೆಯಿಂದ.

"ನಿನ್ನ ಆರೋಗ್ಯಕ್ಕೆ ಮಗಾ! ಹವಳಕ್ಕೆ ಅದು ವಿಷ. ಮೀನಾದ್ರೆ ಒಂದಷ್ಟು ತಡ್ಕೊಳತ್ತೆ, ಇದು ತಡ್ಕೊಳಲ್ಲ."

ನನ್ನ ಸೀಸೆಗಳಲ್ಲಿ ತಾಮ್ರ ಪತ್ತೆಹಚ್ಚುವುದೊಂದೇ ಇರಲಿಲ್ಲ. ಅತ್ತೆಯ ಮುಖ ಬಾಡಿತು. "ಅದಕ್ಕೂ ಒಳ್ಳೇದಾಗ್ಲಿ, ಈ ನೀರೇ ಹಾಕು ಅಂತ ನಾನೇ ಅಲ್ವೇನೋ ಹೇಳಿದ್ದು?"

"ಹಾಕಿದ್ದು ನಾನು ಅತ್ತೆ" ಎಂದೆ. ನನಗಾದ ಸಂಕಟ ಹವಳಕ್ಕಾಗಿ ಅಲ್ಲ, ಅವರಿಗಾಗಿ. ಸಮುದ್ರ ತೋರಿಸುತ್ತೇನೆಂದು ಹೇಳಿ, ಅದನ್ನು ಕೊಂದ ಪಾಪವನ್ನು ಅವರ ತಲೆಗೆ ಕಟ್ಟಿದ್ದೆ.

ರಘು ಹೇಳಿದಂತೆ ವಾರವಾರವೂ ಸ್ವಲ್ಪ ಸ್ವಲ್ಪ ನೀರು ಬದಲಿಸಿದೆವು, ತಾಮ್ರ ಹೀರಿಕೊಳ್ಳಲೆಂದು ಇದ್ದಿಲಿನ ಚೀಲ ಇಳಿಬಿಟ್ಟೆವು. ಅಡುಗೆಮನೆಗೆ ಪ್ಲಾಸ್ಟಿಕ್ ಸೇರಿಸದ ಅತ್ತೆ ತೊಟ್ಟಿಯ ನೀರಿಗೆಂದೇ ಹಸಿರು ಬಕೆಟ್ಟೊಂದನ್ನು ತರಿಸಿ ಮಡಿಬಟ್ಟೆಯಂತೆ ಕಾದರು. ಯಾರೂ ಮುಟ್ಟುವ ಹಾಗಿರಲಿಲ್ಲ. ತಿಂಗಳುಗಟ್ಟಲೆ ಏನೂ ಆಗಲಿಲ್ಲ. ಹೋದ ತಿಂಗಳು ಒಂದು ಸಂಜೆ, ಉಳಿದಿದ್ದ ಕಾಂಡದ ಒಂದು ಕೈ ಮೆಲ್ಲಗೆ ಬಿಚ್ಚಿತು, ಮಡಚಿತು.

ಅತ್ತೆ ಕಾಫಿ ಲೋಟ ಕೆಳಗಿಟ್ಟು ತಾವೂ ಬೆರಳು ಬಿಚ್ಚಿ ಮಡಚಿದರು. ಆಮೇಲೆ, "ಇಷ್ಟು ಕರೀತಿದೆ. ಒಂದ್ಸಲ ಹೋಗ್ಬರ್ಬೇಕು ಕಣೋ" ಎಂದರು.

"ನಿಮ್ಮ ಮಂಡಿ..."

"ಮಂಡಿ ನಂದು. ನೆಪ ಮಾತ್ರ ನಿಂದು."

ಅವತ್ತೇ ಮಂಗಳೂರಿನ ರೈಲಿಗೆ ಎರಡು ಟಿಕೆಟ್ ಮಾಡಿಸಿದೆ. ನಾಳೆ ಬೆಳಿಗ್ಗೆ ಹೊರಡಬೇಕು. ಹಿತ್ತಲಲ್ಲಿ ಅತ್ತೆ ಬೆಳಗುತ್ತಿರುವುದು ಪ್ರಯಾಣದ ತಾಮ್ರದ ಚೊಂಬು.

"ಅತ್ತೆ, ಅದನ್ನ ಸಮುದ್ರಕ್ಕೆ ಅದ್ದಬೇಡಿ ಮತ್ತೆ" ಎಂದು ಛೇಡಿಸಿದೆ.

"ಇದು ನನಗೆ ಕುಡಿಯೋಕೆ. ಅದರ ಹತ್ರ ಬರೀ ಕೈಲಿ ಹೋಗ್ತೀನಿ" ಎಂದು ಹುಣಸೆ ಮೆತ್ತಿದ ಬೆರಳುಗಳನ್ನು ಮಡಚಿ ಬಿಚ್ಚಿ ತೋರಿಸಿದರು.

ನೋಡಿದರೆ ನನ್ನ ಕೈಯೂ ಮೇಲೆದ್ದು ಅವರಿಗೆ ಉತ್ತರ ಕೊಡುತ್ತಿತ್ತು.